ಥರ್ಟಿ-ಫಾರ್ಟಿ ಸೈಟಲ್ಲಿ ಪಾರ್ಕಿಂಗ್ ಬಿಡದೆ ನಾಲ್ಕು ಮನೆ ಕಟ್ಟಬಹುದಾ?

ನೀವು ಕೇಳಿರುವುದು ಇಷ್ಟು. ಬೆಂಗಳೂರಿನ ಹನುಮಂತನಗರದಲ್ಲಿ ಅಪ್ಪ ಕಟ್ಟಿಸಿದ ಹಳೆ ಮನೆ ಇದೆ, ಥರ್ಟಿ-ಫಾರ್ಟಿ ಸೈಟು, ಮೂವತ್ತು ಅಡಿ ರಸ್ತೆ. ಕೆಡವಿ ಹೊಸದು ಕಟ್ಟಬೇಕು. ಕೆಳಗೆ ಕಾರಿಗೆ ಜಾಗ ಬಿಡುವ ಬದಲು ಅಲ್ಲೂ ಒಂದು ಮನೆ ಮಾಡಿ, ಮೇಲೆ ಮೂರು ಮಹಡಿ ಹಾಕಿದರೆ ನಾಲ್ಕು ಮನೆ ಆಗುತ್ತೆ. ಕೆಳಗೆ ಅಪ್ಪ ಅಮ್ಮ, ಅದರ ಮೇಲೆ ನೀವು, ಉಳಿದೆರಡು ಬಾಡಿಗೆಗೆ. ನಿಮ್ಮ ಹತ್ತಿರ ಕಾರಿಲ್ಲ. ಹಾಗಿರುವಾಗ ಪಾರ್ಕಿಂಗ್ ಯಾಕೆ ಬಿಡಬೇಕು, ಬಿಡದಿದ್ದರೆ ಬೀದಿಯವರು ಗಲಾಟೆ ಮಾಡುತ್ತಾರಾ ಅಂತ ಕೇಳಿದ್ದೀರಿ.

ನಾನು ಇದನ್ನೇ ಮಾಡಿದವನು. ವಿಜಯನಗರದಲ್ಲಿ, 2011ರಲ್ಲಿ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ನಮ್ಮ ಪ್ಲಾನ್‌ನಲ್ಲಿ ಮುಂಭಾಗಕ್ಕೆ ಗ್ಯಾರೇಜ್ ಅಂತ ಬರೆಸಿದ್ದೆವು. ಮೋಲ್ಡ್ ಹಾಕಿದ ಮೇಲೆ ಮೇಸ್ತ್ರಿ ಬಂದು, "ಸಾರ್, ಇಲ್ಲೊಂದು ರೂಮ್ ಕಿಚನ್ ಎಬ್ಬಿಸಿಬಿಡೋಣ, ಎಲ್ಲರೂ ಮಾಡ್ತಾರೆ" ಅಂದರು. ನನಗೆ ಬ್ಯಾಂಕ್ ಸಾಲದ ಕಂತು ಕಣ್ಣ ಮುಂದೆ ಕುಣಿಯುತ್ತಿತ್ತು. ಗ್ಯಾರೇಜಿಗೆ ಗೋಡೆ ಬಂತು, ಸಿಂಕು ಬಂತು, ಗೇಟಿನ ಮೇಲೆ ಟು-ಲೆಟ್ ಬೋರ್ಡೂ ಬಂತು. ಒಟ್ಟು ಐದು ಮನೆ. ಕಾರಿಗೆ ಜಾಗ ಸೊನ್ನೆ. ಬೈಕಿಗೆ ಮೆಟ್ಟಿಲ ಕೆಳಗಿನ ಮೂಲೆ.

ಮೊದಲ ಮೂರು ನಾಲ್ಕು ವರ್ಷ ಏನೂ ಆಗಲಿಲ್ಲ. ಬಾಡಿಗೆಗೆ ಬಂದವರಲ್ಲಿ ಯಾರಿಗೂ ಕಾರಿರಲಿಲ್ಲ. 2015ರ ನವೆಂಬರ್‌ನಲ್ಲಿ ಮಾಗಡಿ ರೋಡ್‌ನಿಂದ ಮೈಸೂರು ರೋಡಿಗೆ ಮೆಟ್ರೊ ಶುರುವಾಯಿತು. ಸ್ಟೇಷನ್ ನಮ್ಮ ಮನೆಯಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಇನ್ನು ಯಾರಿಗೂ ಕಾರು ಬೇಕಾಗಲ್ಲ ಅಂತ ನಾನು ಖುಷಿಪಟ್ಟೆ. ಆದದ್ದೇ ಬೇರೆ. ಎಲ್ಲೆಲ್ಲಿಂದಲೋ ಬಂದವರು ನಮ್ಮ ಬೀದಿಯಲ್ಲಿ ಬೈಕ್ ನಿಲ್ಲಿಸಿ ಮೆಟ್ರೊ ಹತ್ತೋಕೆ ಶುರು ಮಾಡಿದರು. ಬೀದಿಯವರು ಗೇಟಿನ ಮುಂದೆ ಹೂವಿನ ಕುಂಡ, ಹಳೆ ಟೈರು, ಮುರಿದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಅನ್ನೋ ಬೋರ್ಡುಗಳು ಬಂದವು. ರಸ್ತೆ ಎಲ್ಲರದೂ ಆದರೂ ಕುಂಡ ಇಟ್ಟವರದೇ ಜಾಗ ಅನ್ನೋದು ನಮ್ಮ ಊರಿನ ಕಾನೂನು.

ಆಮೇಲೆ ನಮ್ಮ ಮನೆಗೇ ಕಾರುಗಳು ಬಂದವು. ಎರಡನೇ ಮಹಡಿಯವರಿಗೆ ಮದುವೆಯಾಯಿತು, ಮಾವ ಕಾರು ಕೊಟ್ಟರು. ಮೂರನೆಯವರು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ಮನೆ ಕೊಡುವಾಗ ಕಾರಿಲ್ಲ ಅಂದವರಿಗೆ ಮುಂದೆಂದೂ ಕಾರು ಬರಬಾರದು ಅಂತ ನಾನು ಹೇಳೋಕಾಗುತ್ತಾ?

2024ರ ಬೇಸಿಗೆ ನಿಮಗೆ ನೆನಪಿರಬೇಕು. ಬೋರ್‌ವೆಲ್‌ಗಳು ಕೈಕೊಟ್ಟು ಊರೆಲ್ಲ ಟ್ಯಾಂಕರ್ ಹಿಂದೆ ಓಡುತ್ತಿತ್ತು. ನಮಗೆ ಮೂರು ದಿನ ಕಾದ ಮೇಲೆ ಒಂದು ಟ್ಯಾಂಕರ್ ಸಿಕ್ಕಿತು, ರಾತ್ರಿ ಹತ್ತೂವರೆಗೆ. ಬೀದಿಯ ತಿರುವಿನಲ್ಲೇ ನಿಂತುಬಿಟ್ಟಿತು. ಎರಡೂ ಕಡೆ ಕಾರು, ಮಧ್ಯೆ ಟ್ಯಾಂಕರ್ ನುಗ್ಗುವಷ್ಟು ಜಾಗ ಇಲ್ಲ. ಅಡ್ಡ ಇದ್ದ ಕಾರು ಯಾರದು ಅಂತ ಹೋಗಿ ನೋಡಿದರೆ ನಮ್ಮ ಎರಡನೇ ಮಹಡಿಯವರಿಗೆ ಮಾವ ಕೊಟ್ಟ ಕಾರೇ! ಅವರು ಊರಿಗೆ ಹೋಗಿದ್ದರು, ಕೀ ಜೇಬಲ್ಲಿ. ಡ್ರೈವರ್ ಹತ್ತು ನಿಮಿಷ ಕಾದು, ಇನ್ನೊಂದು ಆರ್ಡರ್ ಇದೆ ಅಂತ ರಿವರ್ಸ್ ತೆಗೆದು ಹೊರಟುಹೋದ. ಐದು ಮನೆಗೆ ಮಾರನೇ ದಿನ ಸ್ನಾನ ಇಲ್ಲ. ಎದುರು ಮನೆಯ ಅಂಕಲ್ ಬಾಲ್ಕನಿಯಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಇದನ್ನು ಓದಿ, ಹಾಗಾದರೆ ಕಾರಿಗೆ ಜಾಗ ಬಿಡಲೇಬೇಕು ಅಂತ ಹೇಳುತ್ತಾನೆ ಅಂದುಕೊಳ್ಳಬೇಡಿ. ನನ್ನ ಅಭಿಪ್ರಾಯ ಅಷ್ಟು ನೇರ ಇಲ್ಲ.

ಜಾಗದ ಲೆಕ್ಕ ನೋಡಿ. ಸ್ಟಿಲ್ಟಲ್ಲಿ, ಅಂದರೆ ಮನೆ ಕೆಳಗೆ ಬರೀ ಕಂಬ ನಿಲ್ಲಿಸಿ ಗಾಡಿಗೆ ಬಿಟ್ಟ ಜಾಗದಲ್ಲಿ, ಒಂದು ಕಾರಿಗೆ, ತಿರುಗಿಸಿಕೊಳ್ಳುವ ಜಾಗವೂ ಸೇರಿ, 28 ಚದರ ಮೀಟರ್ ಅಂತ ನಮ್ಮ ದೇಶದ ನಗರ ಯೋಜನೆಯವರು ಲೆಕ್ಕ ಹಾಕುತ್ತಾರೆ. ನೆಲಮಾಳಿಗೆ ಆದರೆ 32. ನೂರು ಚದರ ಅಡಿಗೆ ಒಂದು ಚದರ ಅನ್ನೋ ಮೇಸ್ತ್ರಿ ಭಾಷೆಯಲ್ಲಿ ಹೇಳಿದರೆ ಒಂದು ಕಾರಿಗೆ ಮೂರು ಚದರ. ನಿಮ್ಮ ಇಡೀ ಸೈಟೇ ಹನ್ನೆರಡು ಚದರ. ಮೂರು ಚದರದಲ್ಲಿ ಗಂಡ ಹೆಂಡತಿ ಒಂದು ಮಗು ಬದುಕುವ ಮನೆಗಳು ಈ ಊರಲ್ಲಿ ಲೆಕ್ಕವಿಲ್ಲದಷ್ಟಿವೆ. ನಮ್ಮ ಅಜ್ಜಿ ಚಾಮರಾಜಪೇಟೆಯ ವಠಾರದಲ್ಲಿ ಅಷ್ಟೇ ಜಾಗದಲ್ಲಿ ಐದು ಮಕ್ಕಳನ್ನು ಸಾಕಿದರು. ಆ ಬಡಾವಣೆ 1892ರದು, ಕಾರಿಗೆ ಅಂತ ಯಾರೂ ಜಾಗ ಎತ್ತಿಟ್ಟಿರಲಿಲ್ಲ. ವಠಾರದ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ, ಬೆಳಿಗ್ಗೆ ಕಕ್ಕಸಿಗೆ ಸಾಲು ನಿಂತವರನ್ನು ಕೇಳಿ. ಆದರೆ ಊರ ನಡುವೆ, ಬಸ್ಸು ಮಾರ್ಕೆಟ್ಟಿನ ಹತ್ತಿರ, ಕಡಿಮೆ ಬಾಡಿಗೆಗೆ ಮನೆ ಸಿಗುತ್ತಿತ್ತು. ಈಗ ಅಂಥ ಮನೆ ಬೇಕಾದವರು ನೈಸ್ ರೋಡ್ ಆಚೆ ಹೋಗಬೇಕು.

ಇನ್ನೊಂದು ವಿಷಯ ಯಾರೂ ಯೋಚನೆ ಮಾಡಲ್ಲ. ನಿಮ್ಮ ಸೈಟಿನ ಮುಂಭಾಗ ಮೂವತ್ತು ಅಡಿ. ಅದರ ಮುಂದೆ ರಸ್ತೆಯಲ್ಲಿ ಎರಡು ಸಣ್ಣ ಕಾರು ನಿಲ್ಲುತ್ತವೆ. ಒಳಗೆ ಕಾರು ಬಿಡೋಕೆ ಹನ್ನೆರಡು ಅಡಿ ಗೇಟ್ ಇಟ್ಟಿರಿ ಅಂದುಕೊಳ್ಳಿ. ಗೇಟಿನ ಮುಂದೆ ಯಾರೂ ನಿಲ್ಲಿಸುವ ಹಾಗಿಲ್ಲ. ಉಳಿದ ಹದಿನೆಂಟು ಅಡಿಯಲ್ಲಿ ಒಂದೇ ಕಾರು. ಅಂದರೆ ಒಳಗೊಂದು ಕಾರು ನಿಂತರೆ ಹೊರಗೊಂದು ಜಾಗ ಹೋಯಿತು. ಬೀದಿಗೆ ಸಿಕ್ಕಿದ್ದೇನು? ಜೊತೆಗೆ ಗೇಟಿನ ಮುಂದೆ ಇಳಿಜಾರು ಹಾಕುತ್ತೀರಿ, ಅದು ಚರಂಡಿ ಮೇಲೆ ಕೂರುತ್ತೆ, ಫುಟ್‌ಪಾತ್ ಇದ್ದರೆ ಅದೂ ಮುಗಿಯಿತು. ಒಳಗೆ ಕಾರಿನ ಹಿಂದೆ ಕಾರು ನಿಲ್ಲಿಸಿದವರ ಕಥೆ ಇನ್ನೂ ಚೆಂದ. ಹಿಂದಿನವರು ಬೆಳಿಗ್ಗೆ ಆರಕ್ಕೆ ಹೊರಡಬೇಕಾದರೆ ಮುಂದಿನವರ ಬೆಲ್ ಒತ್ತಬೇಕು. ಒಂದು ತಿಂಗಳು ಒತ್ತುತ್ತಾರೆ. ಆಮೇಲೆ ಇಬ್ಬರೂ ರಸ್ತೆಯಲ್ಲೇ ನಿಲ್ಲಿಸುತ್ತಾರೆ, ಸ್ಟಿಲ್ಟಲ್ಲಿ ಹಳೆ ಸೋಫಾ ಸೇರಿಕೊಳ್ಳುತ್ತೆ.

ಹಾಗಾಗಿ ಪ್ರತಿ ಮನೆಗೂ ಇಷ್ಟು ಕಾರಿನ ಜಾಗ ಅನ್ನೋ ನಿಯಮ ಚಿಕ್ಕ ಸೈಟಿಗೆ ಅಷ್ಟೇನೂ ಬುದ್ಧಿವಂತಿಕೆಯದಲ್ಲ ಅಂತಲೇ ನನ್ನ ಅನಿಸಿಕೆ. ಅಮೆರಿಕದ ಮಿನಿಯಾಪೊಲಿಸ್ 2021ರಲ್ಲಿ ಈ ನಿಯಮವನ್ನೇ ಊರಿಡೀ ತೆಗೆದುಹಾಕಿತು. ಜಪಾನಿನ ದಾರಿ ನನಗೆ ಇನ್ನೂ ಇಷ್ಟ. ಅಲ್ಲಿ ಚಿಕ್ಕ ಕಟ್ಟಡಕ್ಕೆ ಪಾರ್ಕಿಂಗ್ ಬಿಡು ಅಂತ ಒತ್ತಾಯ ಇಲ್ಲ. ಆದರೆ ಕಾರು ಕೊಳ್ಳುವವರು ಮನೆಯಿಂದ ಎರಡು ಕಿಲೋಮೀಟರ್ ಒಳಗೆ ತನಗೊಂದು ಜಾಗ ಇದೆ ಅಂತ ತೋರಿಸಬೇಕು. 1962ರಿಂದ ಆ ಕಾನೂನು ಇದೆ. ಭಾರ ಬೀಳೋದು ಕಾರಿನವರ ಮೇಲೆ, ಮನೆ ಕಟ್ಟುವವರ ಮೇಲಲ್ಲ.

ನಮ್ಮಲ್ಲೂ 2021ರಲ್ಲಿ ಪಾರ್ಕಿಂಗ್ ನೀತಿ 2.0 ಅಂತ ಬಂತು. ಮನೆ ಹತ್ತಿರ ರಸ್ತೆಯಲ್ಲಿ ಕಾರು ನಿಲ್ಲಿಸುವವರು ಪರ್ಮಿಟ್ ತೆಗೆದುಕೊಳ್ಳಬೇಕು, ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ಸಣ್ಣದಕ್ಕೆ ದಿನಕ್ಕೆ ಮೂರು ರೂಪಾಯಿಯೂ ಬೀಳಲ್ಲ, ಅದಕ್ಕೆ ಬೈಟು ಕಾಫಿಯೂ ಬರಲ್ಲ. ಅಷ್ಟಕ್ಕೇ ಜನ ರಾದ್ಧಾಂತ ಮಾಡಿದರು. ನಮ್ಮ ಬೀದಿಯಲ್ಲಿ ಇವತ್ತಿನವರೆಗೂ ಒಂದು ಪರ್ಮಿಟ್ ಕಂಡಿಲ್ಲ.

ಆದರೆ ನೀವು ಮನೆ ಕಟ್ಟುತ್ತಿರೋದು ಇವತ್ತಿನ ಬೆಂಗಳೂರಲ್ಲಿ, ಇವತ್ತಿನ ನಿಯಮದಲ್ಲಿ. ನನ್ನ ಕಾಲದ ಧೈರ್ಯ ಈಗ ಬೇಡ. ಆಗ ಎಲ್ಲರೂ ಅಕ್ರಮ-ಸಕ್ರಮ ಬರುತ್ತೆ, ದಂಡ ಕಟ್ಟಿ ಸರಿಮಾಡಿಕೊಳ್ಳೋಣ ಅಂತ ಕಟ್ಟಿದರು. 2017ರ ಜನವರಿಯಲ್ಲಿ ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು, ಓಸಿ (ಪ್ಲಾನ್ ಪ್ರಕಾರ ಕಟ್ಟಿದ್ದೀರಿ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಬೇಡಿ ಅಂತ ಹೇಳಿತು. 2025ರಲ್ಲಿ ಎಷ್ಟೋ ಜನ ಹೊಸ ಮನೆ ಕಟ್ಟಿ ಮುಗಿಸಿ, ಮೀಟರ್ ಸಿಗದೆ ಟೆಂಪರರಿ ಕನೆಕ್ಷನ್‌ನಲ್ಲೇ ಒದ್ದಾಡಿದರು. ಕೊನೆಗೆ ಸರ್ಕಾರ ಚಿಕ್ಕ ಸೈಟಿನವರಿಗೆ ವಿನಾಯಿತಿ ಕೊಟ್ಟಿತು. 1,200 ಚದರ ಅಡಿವರೆಗಿನ ಸೈಟಲ್ಲಿ ವಾಸದ ಮನೆಯಾಗಿದ್ದು, ನೆಲಮಹಡಿ ಮತ್ತು ಎರಡು ಮಹಡಿ, ಇಲ್ಲವೇ ಸ್ಟಿಲ್ಟ್ ಮತ್ತು ಮೂರು ಮಹಡಿ ಇದ್ದರೆ ಓಸಿ ಕಡ್ಡಾಯ ಇಲ್ಲ.

ಇದನ್ನು ಎರಡು ಸಲ ಓದಿ. ನಿಮ್ಮ ಸೈಟು ಸರಿಯಾಗಿ 1,200. ಸ್ಟಿಲ್ಟ್ ಬಿಟ್ಟರೂ ಬಿಡದಿದ್ದರೂ ಜನ ವಾಸ ಮಾಡುವ ಮಹಡಿ ಮೂರೇ! ಕೆಳಗೂ ಮನೆ ಮಾಡಿ ಮೇಲೆ ಮೂರು ಹಾಕುವ ನಿಮ್ಮ ಐಡಿಯಾ ಈ ವಿನಾಯಿತಿಯ ಹೊರಗೆ ಹೋಗುತ್ತೆ. ನಾಲ್ಕನೇ ಮಹಡಿಯ ಬಾಡಿಗೆ ಆಸೆಗೆ ಇಡೀ ಮನೆಯ ಮೀಟರನ್ನು ಪಣಕ್ಕಿಡಬೇಡಿ. ಓಸಿ ಬೇಡ ಅಂದ ಮಾತ್ರಕ್ಕೆ ಪ್ಲಾನ್ ಬೇಡ ಅಂತಲೂ ಅಲ್ಲ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ನಿಮ್ಮ ಪಾಲಿಕೆಯಿಂದ ಪ್ಲಾನ್ ಮಂಜೂರು ಮಾಡಿಸಿಕೊಳ್ಳಿ. ಎಷ್ಟು ಕಾರಿನ ಜಾಗ ತೋರಿಸಬೇಕು ಅನ್ನೋದು ಮನೆಗಳ ಅಳತೆ ಮೇಲೆ ಹೋಗುತ್ತೆ, ಅದನ್ನು ಪ್ಲಾನ್ ಬರೆಯುವ ಇಂಜಿನಿಯರ್ ಲೆಕ್ಕ ಹಾಕಿ ಹೇಳುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ನೆಲಮಹಡಿ ಮತ್ತು ಎರಡು ಮಹಡಿಯದನ್ನೇ ಆರಿಸುತ್ತೇನೆ, ಅಪ್ಪ ಅಮ್ಮನ ಕಾರಣಕ್ಕೆ. ಅಮ್ಮನಿಗೆ ಮಂಡಿನೋವು ಅಂತ ಬರೆದಿದ್ದೀರಿ. ಸ್ಟಿಲ್ಟ್ ಬಿಟ್ಟರೆ ಅವರು ದಿನಾ ಮೆಟ್ಟಿಲು ಹತ್ತಬೇಕು, ಇಲ್ಲ ನೀವು ಲಿಫ್ಟಿಗೆ ದುಡ್ಡು ಹಾಕಬೇಕು. ಸುಮ್ನೆ ನೆಲಮಹಡಿಯ ಹಿಂಭಾಗದಲ್ಲಿ ಅವರಿಗೆ ಚಿಕ್ಕ ಮನೆ ಮಾಡಿ, ಮುಂಭಾಗವನ್ನು ಗಾಡಿಗೆ ಬಿಡಿ. ಪ್ಲಾನ್‌ನಲ್ಲೇ ಹಾಗೆ ಬರೆಸಿ. ಮೇಲಿನ ಎರಡು ಮಹಡಿಯಲ್ಲಿ ಒಂದು ನಿಮಗೆ, ಒಂದು ಬಾಡಿಗೆಗೆ. ನೀವು ಅಂದುಕೊಂಡದ್ದಕ್ಕಿಂತ ಒಂದು ಬಾಡಿಗೆ ಕಡಿಮೆ, ಗೊತ್ತು. ಸ್ಟಿಲ್ಟೇ ಬೇಕು ಅಂದರೆ ಕಂಬಗಳ ವಿಷಯದಲ್ಲಿ ಜಿಪುಣತನ ಬೇಡ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಬಿದ್ದ ಫ್ಲ್ಯಾಟುಗಳಲ್ಲಿ ಎಷ್ಟೋ ಇಂಥ ಕೆಳಗೆ ಖಾಲಿ ಇದ್ದವೇ.

ಮುಂಭಾಗದ ಆ ಜಾಗ ನನ್ನ ಪ್ರಕಾರ ಮುಖ್ಯವಾಗಿ ಬೈಕು ಸ್ಕೂಟರಿಗೆ. ಬೆಂಗಳೂರಲ್ಲಿ ಒಂದು ಕೋಟಿಗಿಂತ ಜಾಸ್ತಿ ಗಾಡಿಗಳಿವೆ, ಅದರಲ್ಲಿ ಬಹುಪಾಲು ದ್ವಿಚಕ್ರವೇ. ಕಾರಿಲ್ಲದ ಬಾಡಿಗೆದಾರರು ಸಿಗುತ್ತಾರೆ, ಸ್ಕೂಟರ್ ಇಲ್ಲದವರು ಸಿಗೋದು ಕಷ್ಟ. ನಾನು ಎಡವಿದ್ದು ಇಲ್ಲಿಯೇ. ಕಾರಿಗೆ ಬಿಡದೆ ಇದ್ದದ್ದಕ್ಕಿಂತ, ಬೈಕಿಗೂ ಬಿಡಲಿಲ್ಲವಲ್ಲ ಅನ್ನೋದು ಜಾಸ್ತಿ ಕಾಡಿತು. ಟ್ಯಾಂಕರ್ ಕಥೆ ಆದ ಮೇಲೆ, ಮುಂದಿನ ರೂಮಿನ ಹುಡುಗ ಮನೆ ಖಾಲಿ ಮಾಡಿದಾಗ ಆ ಗೋಡೆ ಒಡೆಸಿದೆ. ತಿಂಗಳಿಗೆ 8,500 ರೂಪಾಯಿ ಬಾಡಿಗೆ ಹೋಯಿತು. ಹೆಂಡತಿ ಇನ್ನೂ ಆಗಾಗ ನೆನಪಿಸುತ್ತಾಳೆ. ಈಗ ಅಲ್ಲಿ ಏಳು ಸ್ಕೂಟರ್ ನಿಲ್ಲುತ್ತವೆ, ಚಾರ್ಜಿಂಗಿಗೆ ಎರಡು ಪಾಯಿಂಟ್ ಕೊಟ್ಟಿದ್ದೇನೆ, ಅದಕ್ಕೆ ಬೇರೆ ಸಬ್‌ಮೀಟರ್. ಕಾರಿನವರು ಎರಡು ಬೀದಿ ಆಚೆ ಖಾಲಿ ಸೈಟಲ್ಲಿ ತಿಂಗಳಿಗೆ ಇಷ್ಟು ಅಂತ ಕೊಟ್ಟು ನಿಲ್ಲಿಸುತ್ತಾರೆ. ನಿಮ್ಮ ಕಡೆಯೂ ಅಂಥ ಸೈಟು ಇದ್ದೇ ಇರುತ್ತೆ, ವಿಚಾರಿಸಿ ನೋಡಿ.

ಅಗ್ರಿಮೆಂಟಲ್ಲಿ ಈಗ ಒಂದು ಸಾಲು ಬರೆಸುತ್ತೇನೆ: ಕಾರು ತಂದರೆ ನಿಲ್ಲಿಸುವ ಜಾಗ ಬಾಡಿಗೆದಾರರೇ ನೋಡಿಕೊಳ್ಳಬೇಕು, ಮನೆ ಮುಂದಿನ ರಸ್ತೆ ಅದಕ್ಕೆ ಲೆಕ್ಕಕ್ಕಿಲ್ಲ. ಕೋರ್ಟಲ್ಲಿ ಅದು ಎಷ್ಟು ನಿಲ್ಲುತ್ತೋ, ಆದರೆ ಹನ್ನೊಂದು ತಿಂಗಳಿಗೊಮ್ಮೆ ರಿನ್ಯೂ ಮಾಡುವಾಗ ಮಾತೆತ್ತೋಕೆ ಅನುಕೂಲ.

ಬೀದಿಯವರು ಗಲಾಟೆ ಮಾಡುತ್ತಾರಾ ಅಂದಿರಲ್ಲ. ಮಾಡುತ್ತಾರೆ, ಮನೆ ಕಟ್ಟಿ ಮುಗಿಯೋಕೆ ಮೊದಲೇ. ಜಲ್ಲಿ, ಎಂ ಸ್ಯಾಂಡ್, ಇಟ್ಟಿಗೆ ಎಲ್ಲ ರಸ್ತೆ ಮೇಲೇ ಬೀಳುತ್ತೆ. ಮೋಲ್ಡ್ ದಿನ ಕಾಂಕ್ರೀಟ್ ಲಾರಿ ಬೀದಿಗೆ ಅಡ್ಡ ನಿಲ್ಲುತ್ತೆ. ಒಂದು ಭಾನುವಾರ ರಾತ್ರಿ ಹತ್ತು ಗಂಟೆಗೆ ನಿಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಎಷ್ಟು ಕಾರು ನಿಂತಿವೆ, ಎಷ್ಟು ಜಾಗ ಖಾಲಿ ಇದೆ ಅಂತ ಎಣಿಸಿ. ಆಮೇಲೆ ಪಾಯ ತೆಗೆಯುವ ಮುಂಚೆ ಎದುರು ಮನೆ, ಅಕ್ಕಪಕ್ಕದ ಮನೆಗೆ ಹೋಗಿ, ಎಷ್ಟು ಮನೆ ಕಟ್ಟುತ್ತೀರಿ, ಗಾಡಿಗೆ ಎಲ್ಲಿ ಜಾಗ ಬಿಡುತ್ತೀರಿ ಅಂತ ನೀವೇ ಹೇಳಿ. ಅಪ್ಪನನ್ನೂ ಕರೆದುಕೊಂಡು ಹೋಗಿ, ನಲವತ್ತು ವರ್ಷದ ಪರಿಚಯ ಇರುತ್ತೆ. ಹಾಂ, ಸಂಪಿನ ಬಾಯಿ ಗೇಟಿನ ಹತ್ತಿರವೇ ಇರಲಿ. ಟ್ಯಾಂಕರ್ ಪೈಪು ಎಷ್ಟು ಉದ್ದ ಇರುತ್ತೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.