‘ಮಾಸ್ಟರ್’ ಪದವನ್ನು ನಾವೇಕೆ ಕೈಬಿಟ್ಟೆವು? – ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯ ಡೇಟಾಬೇಸ್ ಲೇಖನದಲ್ಲಿ ಮೂಲ ಸರ್ವರ್ ಮತ್ತು ಅದರ ನಕಲನ್ನಿಟ್ಟುಕೊಳ್ಳುವ ಸರ್ವರ್‌ಗಳಿಗೆ ‘ಮಾಸ್ಟರ್–ಸ್ಲೇವ್’ ಎಂಬ ರೂಢಿಯ ಜೋಡಿಪದವನ್ನು ಬಿಟ್ಟು ‘ಪ್ರೈಮರಿ–ರೆಪ್ಲಿಕಾ’ ಎಂದು ಬಳಸಿದ್ದಕ್ಕೆ ತಾವು ಎರಡು ಆಕ್ಷೇಪ ಎತ್ತಿದ್ದೀರಿ. ಇದು ಅಮೆರಿಕದವರ ಮುಜುಗರ, ನಮಗೆ ಮಾಸ್ಟರ್ ಎಂದರೆ ಮೇಷ್ಟ್ರು ಎಂಬುದು ಮೊದಲನೆಯದು. ಲೇಖನದಲ್ಲಿದ್ದ ‘ಸ್ಟಾರ್ಟ್ ರೆಪ್ಲಿಕಾ’ ಎಂಬ ಕಮಾಂಡ್ ತಮ್ಮ ಕಚೇರಿಯ ಸರ್ವರ್‌ನಲ್ಲಿ ಓಡಲೇ ಇಲ್ಲ ಎಂಬುದು ಎರಡನೆಯದು.

ಮೇಷ್ಟ್ರ ಮಾತು ನಿಜ. ಆ ಪದ ಒಂಟಿಯಾಗಿದ್ದಾಗ ಅದರಲ್ಲಿ ನೋವಿಲ್ಲ. ಆದರೆ ಪಕ್ಕದಲ್ಲಿ ‘ಸ್ಲೇವ್’, ಅಂದರೆ ಗುಲಾಮ, ಬಂದು ನಿಂತೊಡನೆ ಮೇಷ್ಟ್ರು ಹೋಗಿ ಒಡೆಯ ಬರುತ್ತಾನೆ. ಅದು ದೂರದ ದೇಶದ ಕಥೆಯೂ ಅಲ್ಲ. ನಮ್ಮಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾಯ್ದೆ 1976ರದು. ಜೀತಕ್ಕಿದ್ದವರ ಮೊಮ್ಮಕ್ಕಳು ಇಂದು ಕಂಪ್ಯೂಟರ್ ತರಗತಿಗಳಲ್ಲಿ ಕುಳಿತಿರುವಾಗ, ಯಂತ್ರವೊಂದನ್ನು ‘ಜೀತದಾಳು’ ಎಂದು ಕನ್ನಡಿಸಿ ಅವರ ಮುಂದಿಡಲು ನನಗೆ ಮನಸ್ಸು ಬಾರದು.

ಈ ಕಾರಣವನ್ನು ತಾವು ಒಪ್ಪದಿದ್ದರೂ, ತಂತ್ರಾಂಶ ಪರೀಕ್ಷಕರಾದ ತಮಗೆ ಇನ್ನೊಂದು ಕಾರಣ ರುಚಿಸಬಹುದು. ಈ ಜೋಡಿಪದ ಏನನ್ನೂ ವಿವರಿಸುವುದಿಲ್ಲ. ಡೇಟಾಬೇಸ್‌ನಲ್ಲಿ ಎರಡನೆಯ ಸರ್ವರ್ ಯಾರ ಅಪ್ಪಣೆಯನ್ನೂ ಪಾಲಿಸುತ್ತಿರುವುದಿಲ್ಲ; ಅದು ಮೊದಲನೆಯದರ ಬದಲಾವಣೆಗಳನ್ನು ನಕಲು ಮಾಡಿಕೊಳ್ಳುತ್ತದೆ, ಓದುವ ಕೋರಿಕೆಗಳಿಗೆ ಉತ್ತರ ಕೊಡುತ್ತದೆ, ಮೊದಲನೆಯದು ಕೆಟ್ಟರೆ ಅದರ ಜಾಗಕ್ಕೇ ಬರಬಲ್ಲದು. ತಂತ್ರಾಂಶ ಕಟ್ಟುವ, ಪರೀಕ್ಷಿಸುವ ಕೆಲಸಗಳನ್ನು ತಾನಾಗಿ ನಡೆಸುವ ಜೆಂಕಿನ್ಸ್‌ನಲ್ಲಿ ಸಂಬಂಧವೇ ಬೇರೆ: ಒಂದು ಯಂತ್ರ ಕೆಲಸ ಹಂಚುತ್ತದೆ, ಇನ್ನೊಂದು ಮಾಡುತ್ತದೆ. ಹಳೆಯ ಐಡಿಇ ಜೋಡಣೆಯ ಹಾರ್ಡ್‌ಡಿಸ್ಕ್‌ಗಳಲ್ಲಂತೂ ಒಂದೇ ಕೇಬಲ್‌ಗೆ ಜೋಡಿಸಿದ ಎರಡರಲ್ಲಿ ಯಾವುದೂ ಇನ್ನೊಂದನ್ನು ಆಳುತ್ತಿರಲಿಲ್ಲ. ಮೂರು ಬೇರೆ ಬೇರೆ ಸಂಬಂಧಗಳಿಗೆ ಒಂದೇ ಹೆಸರಿಟ್ಟು, ಕಲಿಯುವವರು ತಾವಾಗಿಯೇ ವ್ಯತ್ಯಾಸ ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದೆವು. ವೆಬ್ ತಾಣ ಕಟ್ಟುವ ಸಾಧನವಾದ ಜ್ಯಾಂಗೊ 2014ರಲ್ಲೇ ‘ಪ್ರೈಮರಿ–ರೆಪ್ಲಿಕಾ’ಕ್ಕೆ ಬಂದಿತು, ಜೆಂಕಿನ್ಸ್ ‘ಕಂಟ್ರೋಲರ್–ಏಜೆಂಟ್’ ಎಂದಿತು; ಈಗ ಹೆಸರು ಕೇಳಿದೊಡನೆ ಕೆಲಸ ಗೊತ್ತಾಗುತ್ತದೆ. ‘ಬ್ಲ್ಯಾಕ್‌ಲಿಸ್ಟ್’ ಬದಲು ‘ತಡೆಪಟ್ಟಿ’ ಎಂದು ಬರೆಯುವುದರ ಹಿಂದೆಯೂ ಇದೇ ವಿಚಾರವಿದೆ.

ತಾವು ಪತ್ರದೊಡನೆ ಕಳಿಸಿದ ಪರೀಕ್ಷೆಯ ಕೋಡ್ ತುಣುಕನ್ನೇ ನೋಡಿ. ಅದರ ಹೆಸರು ‘ಸ್ಯಾನಿಟಿ ಚೆಕ್ 2’; ಸ್ಯಾನಿಟಿ ಎಂದರೆ ಬುದ್ಧಿ ನೆಟ್ಟಗಿರುವುದು. ರಾತ್ರಿ ಎರಡು ಗಂಟೆಗೆ ಆ ಪರೀಕ್ಷೆ ವಿಫಲವಾದರೆ, ಎಚ್ಚರಗೊಂಡ ಸಹೋದ್ಯೋಗಿಗೆ ಯಾವ ಸುಳಿವೂ ಸಿಗುವುದಿಲ್ಲ. ‘ಲಾಗಿನ್ ಪುಟ ತೆರೆದುಕೊಳ್ಳಬೇಕು’ ಎಂದಿದ್ದರೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತಿತ್ತು, ಮನೋರೋಗದೊಡನೆ ಬದುಕುತ್ತಿರುವವರನ್ನು ಚುಚ್ಚುವ ಪದವೂ ತಪ್ಪುತ್ತಿತ್ತು. ಅದೇ ತುಣುಕಿನಲ್ಲಿ ಬಳಕೆದಾರರ ಮಾದರಿ ಹೆಸರುಗಳೆಲ್ಲ ‘ಜಾನ್ ಸ್ಮಿತ್’ ಬಗೆಯವು. ಮನೆತನದ ಹೆಸರಿನ ಜಾಗದಲ್ಲಿ ಬರೀ ‘ಕೆ.’ ಎಂಬ ಇನಿಷಿಯಲ್ ಇರುವ ನಮ್ಮವರೊಬ್ಬರ ಹೆಸರನ್ನು ಅಲ್ಲಿ ಸೇರಿಸಿ ಓಡಿಸಿ ನೋಡಿ. ಎಷ್ಟೋ ಅರ್ಜಿನಮೂನೆಗಳು ಅದನ್ನು ತಿರಸ್ಕರಿಸುವುದನ್ನು ನಾನೇ ಅನುಭವಿಸಿದ್ದೇನೆ. ಕೈಪಿಡಿಗಳಲ್ಲಿ ‘ಬಳಕೆದಾರನು ತನ್ನ ಪಾಸ್‌ವರ್ಡ್’ ಎಂದು ಬರೆಯುವ ಅಭ್ಯಾಸವೂ ಹೋಗಬೇಕು. ಹೆಣ್ಣು ಗಂಡೆಂಬ ಭೇದವಿಲ್ಲದೆ ಗೌರವವನ್ನೂ ಕೊಡುವ ‘ಬಳಕೆದಾರರು ತಮ್ಮ’ ಎಂಬ ರೂಪ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ.

ಎರಡನೆಯ ಆಕ್ಷೇಪದಲ್ಲಿ ತಪ್ಪು ನಮ್ಮದೇ. ವಿವರಣೆಯಲ್ಲಿ ಪದ ಬದಲಿಸುವ ಹಕ್ಕು ನಮಗಿದೆ. ಓದುಗರು ಬೆರಳಚ್ಚಿಸಬೇಕಾದ ಕಮಾಂಡ್ ಯಂತ್ರಕ್ಕೆ ತಿಳಿದಿರುವ ರೂಪದಲ್ಲೇ ಇರಬೇಕು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ‘ಸ್ಟಾರ್ಟ್ ರೆಪ್ಲಿಕಾ’ ಬಂದದ್ದು 8.0.22ನೇ ಆವೃತ್ತಿಯಿಂದ, ಹಳೆಯ ‘ಸ್ಟಾರ್ಟ್ ಸ್ಲೇವ್’ ತೆಗೆದುಹಾಕಿದ್ದು 8.4ರಲ್ಲಿ. ತಮ್ಮ ಸರ್ವರ್ 8.0.22ಕ್ಕಿಂತ ಹಳೆಯದಾದ್ದರಿಂದ ಹಳೆಯ ಕಮಾಂಡನ್ನೇ ಕೊಡಬೇಕು. ಆವೃತ್ತಿಗಳೊಡನೆ ಎರಡೂ ರೂಪಗಳನ್ನು ತೋರಿಸುವ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ.

– ಸಂಪಾದಕ