ಡಿ ಮಾಯ್ನ್‌ನಲ್ಲಿ ಬೋರ್ ಆಗತ್ತಾ?

ಪ್ರಶ್ನೆ: ನ್ಯೂಜೆರ್ಸಿಲಿದೀವಿ, ನಮ್ಮನೆಯವ್ರಿಗೆ ಅಯೋವಾದ ಡಿ ಮಾಯ್ನ್‌ನಲ್ಲಿ ಇನ್ಶೂರೆನ್ಸ್ ಕಂಪ್ನಿ ಕೆಲ್ಸ ಸಿಕ್ಕಿದೆ. ಅಲ್ಲಿ ಬೋರ್ ಆಗಲ್ವಾ ಮೇಡಂ?

ಉತ್ತರ: ಆಗತ್ತಮ್ಮ, ಮೊದಲ ಚಳಿಗಾಲ ಅಂತೂ ಗ್ಯಾರಂಟಿ. ಜನವರೀಲಿ ಮೈನಸ್ 20 ಡಿಗ್ರಿಗೂ ಇಳಿಯೋದುಂಟು, ಅದಕ್ಕೇ ಡೌನ್‌ಟೌನಲ್ಲಿ ಬಿಲ್ಡಿಂಗಿಂದ ಬಿಲ್ಡಿಂಗಿಗೆ ಸುಮಾರು 6 ಕಿಲೋಮೀಟರ್ ಸ್ಕೈವಾಕ್, ಅಂದ್ರೆ ಸುತ್ತ ಮುಚ್ಚಿರೋ ಮೇಲ್ದಾರಿ, ಕಟ್ಟಿದಾರೆ, ಕೋಟು ಇಲ್ದೆ ಊಟಕ್ಕೆ ಹೋಗ್ಬರಬಹುದು. ಆದ್ರೆ ಊರಲ್ಲಿರೋದೇ 2 ಲಕ್ಷ ಚಿಲ್ಲರೆ ಜನ, ಟ್ರಾಫಿಕ್ ಅಂತ ಗೊಣಗೋಕೂ ಏನಿಲ್ಲ, ನ್ಯೂಜೆರ್ಸಿ ಬಾಡಿಗೆ ಕಟ್ಟಿದವ್ರಿಗೆ ಇಲ್ಲಿ ಮನೆ ರೇಟ್ ನೋಡಿದ್ರೆ ನಗು ಬರತ್ತೆ. ಕಾರು ಮಾತ್ರ ಇಬ್ಬರಿಗೂ ಒಂದೊಂದು ಬೇಕು, ಬಸ್ ನಂಬ್ಕೊಂಡ್ರೆ ಕೆಟ್ರಿ! ಇಂಡಿಯಾಗೆ ನೇರ ಫ್ಲೈಟ್ ಇಲ್ಲ. ದೇವಸ್ಥಾನ ಇದೆ, ಮ್ಯಾಡ್ರಿಡ್ ಅನ್ನೋ ಪುಟ್ಟ ಊರಲ್ಲಿ, ಅರ್ಧ ಮುಕ್ಕಾಲು ಗಂಟೆ ಡ್ರೈವ್, ದಾರಿಯುದ್ದಕ್ಕೂ ಮೆಕ್ಕೆಜೋಳದ ಹೊಲ, ದಾವಣಗೆರೆ ಕಡೆಯವ್ರಾದ್ರೆ ಊರು ನೆನಪಾಗತ್ತೆ.