ಉಳಿದ ನೀರು, ಉಳಿದ ಗಂಟೆ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

ಕೃತಕ ಬುದ್ಧಿಮತ್ತೆ (ಎಐ) ಮತ್ತು ಕೊಡಗಿನ ಕಾಫಿ ತೋಟಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವಂತೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಒಳಗೆ ಒಂದು ಒಳ್ಳೆಯ ಲೇಖನ ಅವಿತಿದೆ, ಅದಕ್ಕಾಗಿಯೇ ಇಷ್ಟುದ್ದದ ಉತ್ತರ.

ನಿಮ್ಮ ವಾದ ಇಷ್ಟು: ಎಐ ಬಂದರೆ ಕಡಿಮೆ ನೀರಿನಲ್ಲಿ, ಕಡಿಮೆ ಹೊತ್ತಿನಲ್ಲಿ ತೋಟದ ಕೆಲಸ ಸಾಗುತ್ತದೆ, ಹಾಗೆ ಉಳಿದದ್ದನ್ನು ಸಮಾಜಕ್ಕೂ ಪರಿಸರಕ್ಕೂ ತಿರುಗಿಸಬೇಕು. ಸ್ಪ್ರಿಂಕ್ಲರ್, ತೋಟದ ಲೆಕ್ಕ ಬರೆಯುವ ರೈಟರ್, ಉಪಗ್ರಹ ಚಿತ್ರ ಎಂದು ಮೂರು ಉದಾಹರಣೆ ಕೊಟ್ಟಿದ್ದೀರಿ. ಆದರೆ ಉಳಿದದ್ದು ಮೊದಲು ಯಾರ ಕೈಗೆ ಬೀಳುತ್ತದೆ, ಆ ಕೈ ಅದನ್ನು ಯಾಕೆ ಬಿಟ್ಟುಕೊಡುತ್ತದೆ ಎಂಬುದು ಹನ್ನೊಂದು ಪುಟದಲ್ಲಿ ಒಂದು ಕಡೆಯೂ ಇಲ್ಲ.

ಮೊದಲು ಅಂಕಿ. ‘ಎಐಯಿಂದ ಉತ್ಪಾದಕತೆ ಶೇ 40ರಷ್ಟು ಏರುತ್ತದೆ’ ಎಂದಿದ್ದೀರಿ. ಯಾವ ಕೆಲಸದಲ್ಲಿ, ಯಾರದ್ದು? 2023ರಲ್ಲಿ 5,179 ಗ್ರಾಹಕ ಸೇವಾ ಸಿಬ್ಬಂದಿಯ ಕುರಿತು ಪ್ರಕಟವಾದ ಅಧ್ಯಯನದಲ್ಲಿ ಎಐ ನೆರವಿನಿಂದ ಗಂಟೆಗೆ ಬಗೆಹರಿಸಿದ ದೂರುಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಿ ಶೇ 34, ನುರಿತವರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. 2025ರಲ್ಲಿ ಎಐ ಸಾಮರ್ಥ್ಯ ಅಳೆಯುವ ಎಂಇಟಿಆರ್ (METR) ಸಂಸ್ಥೆ 16 ಮಂದಿ ಅನುಭವಿ ಸಾಫ್ಟ್‌ವೇರ್ ತಜ್ಞರನ್ನು ಪರೀಕ್ಷಿಸಿದಾಗ ಎಐ ಬಳಸಿ ಅವರು ಶೇ 19ರಷ್ಟು ನಿಧಾನವಾಗಿದ್ದರು. ತಾವು ಶೇ 20ರಷ್ಟು ಚುರುಕಾಗಿದ್ದೇವೆಂದೇ ಅವರ ನಂಬಿಕೆ! ಹಾಗಾಗಿ ‘ಸಮಯ ಉಳಿಯಿತು ಅನಿಸುತ್ತದೆ’ ಎಂಬ ಬೆಳೆಗಾರರ ಮಾತನ್ನು ಪುರಾವೆ ಎಂದು ಹಾಕಬೇಡಿ. ಆ ಶೇ 40 ಕೂಡ ಹೋಗಲಿ.

ನಿಮ್ಮ ಲೇಖನದ ಜೀವ ಇರುವುದು ಸ್ಪ್ರಿಂಕ್ಲರ್ ಭಾಗದಲ್ಲಿ, ಆದರೆ ಅದನ್ನು ಒಂದೇ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದೀರಿ. ಗೋಣಿಕೊಪ್ಪಲು ಕಡೆಯ ಹತ್ತು ಎಕರೆ ರೋಬಸ್ಟಾ ತೋಟ, ಕಾವೇರಿಯ ಉಪನದಿ ಲಕ್ಷ್ಮಣತೀರ್ಥಕ್ಕೆ ಸೇರುವ ತೋಡಿನಿಂದ (ಸಣ್ಣ ಹಳ್ಳ) ಪಂಪ್, ಮಣ್ಣಿನ ತೇವ ಅಳೆಯುವ ಸೆನ್ಸರ್ ಹಾಕಿದರೆ ಶೇ 20 ನೀರು ಉಳಿತಾಯ, ‘ಆ ನೀರು ಕಾವೇರಿಗೆ’. ಲೆಕ್ಕ ಹಾಕಿ ನೋಡಿ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್. ಹತ್ತು ಎಕರೆಗೆ ಒಂದೂವರೆ ಇಂಚು ಕೊಟ್ಟರೆ 15.4 ಲಕ್ಷ. ಅದರ ಶೇ 20 ಎಂದರೆ 3 ಲಕ್ಷ ಲೀಟರಿಗೆ ತುಸು ಮೇಲೆ. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪಿಗೆ ಎಂಟೂವರೆ ಗಂಟೆಯ ಕೆಲಸ. ಓದುಗರಿಗೆ ಹೀಗೆ ಗಂಟೆಯಲ್ಲಿ ಹೇಳಿ. ಶೇಕಡಾವಾರು ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ಈ ಉಳಿತಾಯ ಎಲ್ಲಿಂದ ಬರಬೇಕು ಎಂಬುದೂ ಮುಖ್ಯ. ಕಾಫಿ ಹೂ ಅರಳಿಸಲು ಕೊಡುವ ‘ಹೂ ನೀರಿ’ನ ಇಂಚನ್ನೇ ಕಡಿತ ಮಾಡುವ ಹಾಗಿಲ್ಲ. ನೀರು ಸಾಲದಿದ್ದರೆ ಮೊಗ್ಗು ಪೂರ್ತಿ ಅರಳುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಹಾಗೆ ಮಾಡುವ ಯಂತ್ರವನ್ನು ಬೆಳೆಗಾರರು ಮರುವರ್ಷವೇ ಬಿಚ್ಚಿಡುತ್ತಾರೆ. ಉಳಿಸಲು ಇರುವ ಜಾಗ ಬೇರೆ: ಒಂದೇ ಗಿಡಕ್ಕೆ ಎರಡು ಜೆಟ್‌ಗಳ ನೀರು ಬೀಳುವ ಕಡೆ, ಗಾಳಿ ಬೀಸುವ ಮಧ್ಯಾಹ್ನದ ಸರದಿ, ನಾಳೆಯೋ ನಾಡಿದ್ದೋ ಮಳೆ ಎಂಬ ಮುನ್ಸೂಚನೆ ಇದ್ದಾಗಲೂ ಓಡುವ ಪಂಪ್. ಇನ್ನು ಸೆನ್ಸರನ್ನು ತೇವ ನಿಂತಿರುವ ತಗ್ಗಿನಲ್ಲಿ ನೆಟ್ಟರೆ ಏರಿನ ಗಿಡಗಳು ಒಣಗಿದರೂ ಅದು ‘ಸಾಕು’ ಎನ್ನುತ್ತಿರುತ್ತದೆ.

ಇಷ್ಟಾದರೂ ನೀರು ಹೊಳೆಗೆ ಹೋಗುವುದಿಲ್ಲ. ಎಂಟೂವರೆ ಗಂಟೆ ಪಂಪ್ ಬಿಡುವಾದರೆ ಅದೇ ನೀರನ್ನು ಕಳೆದ ವರ್ಷ ನೀರು ಕಾಣದ ಎರಡು ಎಕರೆಗೆ ಹಾಯಿಸುತ್ತಾರೆ, ಇಲ್ಲವಾದರೆ ಕೆಳಗಿನ ತೋಟದವರು ಎತ್ತುತ್ತಾರೆ. 1865ರಲ್ಲಿಯೇ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಗುರುತಿಸಿದ್ದ: ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದ ಮೇಲೆ ಇಂಗ್ಲೆಂಡಿನ ಕಲ್ಲಿದ್ದಲು ಬಳಕೆ ಇಳಿಯಲಿಲ್ಲ, ಏರಿತು. ನಿಮ್ಮ ಲೇಖನ ಉತ್ತರಿಸಬೇಕಾದ ಪ್ರಶ್ನೆ ಇದೇ.

ಉತ್ತರ ತಂತ್ರಾಂಶದಲ್ಲಿಲ್ಲ, ಒಂದೇ ತೋಡನ್ನು ಹಂಚಿಕೊಂಡ ತೋಟಗಳ ನಡುವಿನ ಒಪ್ಪಂದದಲ್ಲಿದೆ. ಪ್ರತಿ ಪಂಪಿಗೂ ಎಷ್ಟು ಗಂಟೆ ಓಡಿತೆಂದು ತೋರಿಸುವ ಅವರ್ ಮೀಟರ್, ಫೆಬ್ರುವರಿ–ಮಾರ್ಚ್‌ಗೆ ಗಂಟೆಗಳ ಮಿತಿ, ತೋಡಿನಲ್ಲಿ ಅಳತೆ. ಅಳತೆಗೆ 90 ಡಿಗ್ರಿ ‘ವಿ’ ಕಿಂಡಿ ಕೊರೆದ ತಗಡು ಸಾಕು. ಕಿಂಡಿಯಲ್ಲಿ 10 ಸೆಂ.ಮೀ. ನೀರಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್. 5 ಸೆಂ.ಮೀ.ಗೆ ಇಳಿದರೆ ಅರ್ಧವಲ್ಲ, 0.8 ಲೀಟರ್ ಮಾತ್ರ. ‘ನೀರು ಅರ್ಧ ಇಳಿದಿದೆ ಅಷ್ಟೇ’ ಎಂದು ಸಮಾಧಾನ ಪಡುವವರು ಇಲ್ಲೇ ಎಡವುತ್ತಾರೆ. ಎತ್ತರವನ್ನು ಕಿಂಡಿಯ ಬಾಯಲ್ಲೇ ಅಳೆಯಬಾರದು, ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ನೀರಿನ ಎತ್ತರದ ನಾಲ್ಕು ಪಟ್ಟಾದರೂ ಹಿಂದೆ ಸರಿದು ಅಳೆಯಬೇಕು. ನೆರಳು ಮರದ ಎಲೆ ಸಿಕ್ಕಿಕೊಂಡರೆ ಲೆಕ್ಕ ಸುಳ್ಳಾಗುತ್ತದೆ, ತಗಡಿನ ಅಡಿ ಸೋರಿದರೂ ಅಷ್ಟೇ. ಪಂಪಿನ ಮೇಲೊಂದು ಕೆಳಗೊಂದು, ಎರಡು ತಗಡು ಬೇಕು. ಇಲ್ಲದಿದ್ದರೆ ಮೇಲಿನ ತೋಟದ ಪಂಪ್ ನಿಂತ ದಿನ ಏರಿದ ನೀರೂ ನಿಮ್ಮ ಸೆನ್ಸರಿನ ಸಾಧನೆಯಾಗಿಬಿಡುತ್ತದೆ. ಮುಂಗಾರಿಗೆ ಮೊದಲು ಎರಡನ್ನೂ ಕಿತ್ತು ಎತ್ತಿಡಿ.

ಎರಡನೆಯ ಉದಾಹರಣೆ, ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಮತ್ತು ತೂಕ ಬರೆಯುವ ರೈಟರ್. ಆ್ಯಪ್ ಬಂದು ವಾರಕ್ಕೆ ಒಂದು ದಿನ ಉಳಿದರೆ ಅವರು ಲೈನ್ ಮನೆಯ (ಕಾರ್ಮಿಕರ ಸಾಲುಮನೆ) ಮಕ್ಕಳಿಗೆ ಪಾಠ ಹೇಳಬಹುದು ಎಂದಿದ್ದೀರಿ. ವಾಸ್ತವದಲ್ಲಿ ಅವರ ಹೆಗಲಿಗೆ ಇನ್ನೊಂದು ತೋಟದ ಪುಸ್ತಕ ಬೀಳುತ್ತದೆ, ದಿನಗೂಲಿಯಾದರೆ ಆ ದಿನದ ಕೂಲಿ ಹೋಗುತ್ತದೆ. ಆ್ಯಪ್ ಕೊಳ್ಳುವ ಮೊದಲೇ ಮಾಲೀಕರು ಬರೆದುಕೊಡಬೇಕು: ಸಂಬಳ ಇಷ್ಟೇ ಇರುತ್ತದೆ, ಶುಕ್ರವಾರ ಈ ಕೆಲಸಕ್ಕೆ. ಕೆಲಸವೂ ಪಾಠಕ್ಕಿಂತ ಅವರಿಗೆ ಒಗ್ಗುವಂಥದ್ದಿರಲಿ. ಕೊಯ್ಲಿಗೆ ಅಸ್ಸಾಮಿನಿಂದ ಬರುವವರು ತಮ್ಮ ಪಡಿತರವನ್ನು ಇಲ್ಲಿಯೇ ಪಡೆಯಬಹುದು. 2022ರ ಜೂನ್‌ನಲ್ಲಿ ಅಸ್ಸಾಂ ‘ಒಂದು ದೇಶ ಒಂದು ಪಡಿತರ ಚೀಟಿ’ಗೆ ಸೇರಿದೆ. ಆಧಾರ್ ಜೋಡಣೆ ಆಗದಿದ್ದರೆ ಅಂಗಡಿಯಿಂದ ಬರಿಗೈಲಿ ಹಿಂದಿರುಗಬೇಕು. ಅದನ್ನು ಸರಿಮಾಡಿಸಲು ಚೀಟಿ, ಅರ್ಜಿ ಗೊತ್ತಿರುವ ರೈಟರ್‌ಗಿಂತ ತಕ್ಕವರು ಯಾರಿದ್ದಾರೆ? ಜೊತೆಗೆ ತಕ್ಕಡಿಯ ಅಂಕಿ ಕೊಯ್ಯುವವರಿಗೂ ಕಾಣಲಿ, ಚೀಲಕ್ಕೆಂದು ಎಷ್ಟು ಕಳೆದರು ಎಂಬುದನ್ನು ಫೋನ್ ಅಸ್ಸಾಮಿಯಲ್ಲೂ ಹೇಳಲಿ. ತೂಕ ನೇರ ಮೊಬೈಲಿಗೆ ಹೋಗಿ ಕೂತರೆ ಉಳಿದ ಸಮಯವೆಲ್ಲ ಸಂಜೆಯ ಜಗಳಕ್ಕೇ ಸರಿ.

ಉಪಗ್ರಹದಿಂದ ಕಾಡು ಕಾಯುವ ಭಾಗವನ್ನು ತೆಗೆದುಬಿಡಿ. ನೆರಳಿನ ಕಾಫಿ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಕಾಡುಮರ ಕಡಿದು ಸಿಲ್ವರ್ ಓಕ್ ಬೆಳೆಸಿದರೂ ಉಪಗ್ರಹ ಚಿತ್ರದಿಂದ ಎಣಿಸುವ ಹಸಿರಿನ ಸೂಚ್ಯಂಕ ಅದನ್ನು ಸುಲಭಕ್ಕೆ ಹಿಡಿಯುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಮೋಡ. ಅದು ಬೇರೆಯೇ ಲೇಖನ.

ಎಐ ‘ಹಸಿರು ತಂತ್ರಜ್ಞಾನ’ ಎಂಬ ಮಾತಿಗೆ ಎದುರು ಲೆಕ್ಕವೂ ಒಂದು ಸಾಲಿನಲ್ಲಿ ಬರಲಿ: ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ ಜಗತ್ತಿನ ಡೇಟಾ ಸೆಂಟರ್‌ಗಳು 2024ರಲ್ಲಿ ಸುಮಾರು 415 ಟೆರಾವ್ಯಾಟ್ ಅವರ್ (ಒಂದೊಂದೂ 100 ಕೋಟಿ ಯೂನಿಟ್) ವಿದ್ಯುತ್ ಬಳಸಿದವು, ಒಟ್ಟು ಬಳಕೆಯ ಶೇ 1.5. 2030ಕ್ಕೆ ಅದು 945ರ ಹತ್ತಿರ ಹೋಗಬಹುದೆಂದು ಅಂದಾಜು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆ) ಹಣದ ಮೇಲೆ ನೀವಿಟ್ಟ ಭರವಸೆಯೂ ಅತಿಯಾಯಿತು. ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ 2013ರ ಕಂಪನಿ ಕಾಯ್ದೆಯ ನಿಯಮ ನಿವ್ವಳ ಲಾಭ 5 ಕೋಟಿ ಮುಟ್ಟಿದ ಅಥವಾ ವಹಿವಾಟು, ನಿವ್ವಳ ಮೌಲ್ಯಗಳ ಮಿತಿ ಮುಟ್ಟಿದ ಕಂಪನಿಗಳಿಗೆ ಮಾತ್ರ. ಹತ್ತು ಎಕರೆಯವರಿಗೆ ಅದು ಅನ್ವಯಿಸುವುದೇ ಇಲ್ಲ. ರೋಬಸ್ಟಾ ದರ ಲಂಡನ್ ಪೇಟೆಯನ್ನು ನೋಡಿಕೊಂಡು ಏರಿಳಿಯುವುದರಿಂದ, ಎಲ್ಲ ದೇಶದವರ ಖರ್ಚೂ ಒಟ್ಟಿಗೆ ಇಳಿದರೆ ಆ ಲಾಭ ಕೊನೆಗೆ ಕೊಳ್ಳುವವರ ಕಡೆಗೇ ಜಾರುತ್ತದೆ. ಬೆಳೆಗಾರರು ಒಳಿತಿಗೆ ತಿರುಗಿಸಬಹುದಾದದ್ದು ಮೊದಲ ಕೆಲವು ವರ್ಷಗಳ ಉಳಿತಾಯ. ಅವಸರ ಏಕೆಂಬುದಕ್ಕೆ ನಿಮ್ಮ ಬಳಿ ಇರುವ ಗಟ್ಟಿ ಕಾರಣ ಇದೇ, ಲೇಖನದಲ್ಲಿ ಮಾತ್ರ ಬಂದಿಲ್ಲ.

ಮುಂದಿನ ಕರಡು ಒಂದೇ ತೋಡಿನ ಮೇಲಿರಲಿ, 1,200 ಪದ ಮೀರದಿರಲಿ. ಹೂ ನೀರು ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಕಳಿಸಿ. ಪಂಪಿನ ಗಂಟೆ ಬರೆದ ಪುಟದ ಫೋಟೊ, ಎರಡೂ ತಗಡಿನ ದಿನದಿನದ ಅಳತೆ, ಒಪ್ಪಂದಕ್ಕೆ ಸಹಿ ಹಾಕಲು ಒಪ್ಪದವರು ಕೊಟ್ಟ ಕಾರಣ ಜೊತೆಗಿರಲಿ.